ಓ ಪೇರ್ ಆಗಿ ಜರ್ಮನಿಗೆ ಹೋಗುತ್ತಿದ್ದೀರಾ? ದುಡ್ಡಿನ ಮಾತು ಮೊದಲ ವಾರವೇ ಆಡಿ

ಓ ಪೇರ್ ಅಂದರೆ ಬೇರೆ ದೇಶದ ಒಂದು ಕುಟುಂಬದ, ಅಂದರೆ ಹೋಸ್ಟ್ ಮನೆಯವರ, ಜೊತೆ ಇದ್ದು ಅವರ ಮಕ್ಕಳನ್ನು ನೋಡಿಕೊಳ್ಳುವವರು; ಬದಲಿಗೆ ಊಟ, ರೂಮು, ಕೈಖರ್ಚು ಸಿಗುತ್ತದೆ. ನಾನು ಹಾಗೆ ಹೋದಾಗ ಮೊದಲ ತಿಂಗಳು ಏನನ್ನೂ ಕೇಳಲಿಲ್ಲ. ಸಂಜೆ ಮಕ್ಕಳನ್ನು ಪಾರ್ಕಿಗೆ ಕರೆದುಕೊಂಡು ಹೋದರೆ ಐಸ್‌ಕ್ರೀಮ್ ನನ್ನ ದುಡ್ಡು, ದಾರಿಯಲ್ಲಿ ಬೇಕರಿ ಕಂಡು ಚಿಕ್ಕವಳು ಹಟ ಮಾಡಿದರೆ ಬ್ರೆಟ್ಸೆಲ್ ನನ್ನ ದುಡ್ಡು, ಮನೆಯಲ್ಲಿ ಹಾಲು ಮುಗಿದಿದೆ ಅಂತ ತಂದರೆ ಅದೂ ನನ್ನ ದುಡ್ಡೇ. ಎರಡು ಮೂರು ಯೂರೋಗೆ ಯಾರು ಬಾಯಿಬಿಟ್ಟು ಕೇಳುತ್ತಾರೆ ಅಂತ ಸುಮ್ನಿದ್ದೆ. ತಿಂಗಳ ಕೊನೆಗೆ ಲೆಕ್ಕ ಹಾಕಿದರೆ 46 ಯೂರೋ! ಕೈಗೆ ಬರುವುದೇ 280. ಹೋಸ್ಟ್ ಮನೆಯವರು ಕೆಟ್ಟವರಲ್ಲ, ಅವರಿಗೆ ಗೊತ್ತೇ ಇರಲಿಲ್ಲ.

ಕೆಲವು ವಿಷಯಕ್ಕೆ ಚೌಕಾಸಿಯೇ ಬೇಕಿಲ್ಲ, ಅಲ್ಲಿನ ನಿಯಮದಲ್ಲೇ ಇವೆ. ತಿಂಗಳಿಗೆ 280 ಯೂರೋ ತಾಷೆನ್‌ಗೆಲ್ಟ್, ಅಂದರೆ ಕೈಖರ್ಚಿನ ದುಡ್ಡು. ಭಾಷೆಯ ಕ್ಲಾಸಿಗೆ ತಿಂಗಳಿಗೆ 70 ಯೂರೋ. ಊಟ, ನಿಮ್ಮದೇ ಒಂದು ರೂಮು, ವಿಮೆ, ಇವೆಲ್ಲ ಹೋಸ್ಟ್ ಮನೆಯವರದು. ಜ್ವರ ಬಂದು ಮಲಗಿದರೂ, ರಜೆಯಲ್ಲಿದ್ದರೂ ತಾಷೆನ್‌ಗೆಲ್ಟ್ ನಿಲ್ಲಬಾರದು. ವಿಮಾನದ ಟಿಕೆಟ್ ಸಾಮಾನ್ಯವಾಗಿ ನಮ್ಮ ತಲೆಗೇ. ಇನ್ನೊಂದು, 280 ಅನ್ನು ರೂಪಾಯಿಗೆ ತಿರುಗಿಸಿ ಜಾಸ್ತಿ ಅಂದುಕೊಳ್ಳಬೇಡಿ. ಖರ್ಚು ಮಾಡುವುದು ಅಲ್ಲೇ ಅಲ್ವಾ?

ನಿಯಮದಲ್ಲಿ ಇಲ್ಲದ ಚಿಲ್ಲರೆ ಖರ್ಚೇ ಮನಸ್ತಾಪಕ್ಕೆ ಕಾರಣ. ಅದಕ್ಕೆ ಮನೆ ಖರ್ಚಿಗೆ ಅಂತ ಬೇರೆಯೇ ಒಂದು ಪರ್ಸ್ ಕೇಳಿ. ನಮ್ಮಲ್ಲಿ ಅದು ಬಾಗಿಲ ಹತ್ತಿರದ ಡ್ರಾಯರಿನಲ್ಲಿ ಇರುತ್ತಿತ್ತು, ಕೆಂಪು ಬಣ್ಣದ ಜಿಪ್ ಪರ್ಸ್. ಸೋಮವಾರ 30 ಯೂರೋ ಹಾಕಿಡುತ್ತಿದ್ದರು. ಮಕ್ಕಳ ತಿಂಡಿ, ಈಜುಕೊಳದ ಟಿಕೆಟ್, ಹಾಲು, ಬ್ರೆಡ್ಡು, ಎಲ್ಲ ಅದರಿಂದಲೇ. ಪ್ರತಿ ಸಲ ಬೋನ್, ಅಂದರೆ ಬಿಲ್ಲಿನ ಚೀಟಿ, ಕೇಳಿ ತೆಗೆದುಕೊಂಡು ಅದರೊಳಗೇ ತುರುಕಿ. ಶುಕ್ರವಾರ ಐದು ನಿಮಿಷ ಒಟ್ಟಿಗೆ ಕೂತು ನೋಡಿದರೆ ಮುಗಿಯಿತು. ಪರ್ಸ್ ಖಾಲಿಯಾಗಿ ನಿಮ್ಮ ದುಡ್ಡು ಹಾಕಬೇಕಾಗಿ ಬಂದರೆ ಅವತ್ತೇ ಹೇಳಿ, ವಾರ ಕಳೆದ ಮೇಲೆ ಕೇಳುವುದು ಇಬ್ಬರಿಗೂ ಕಷ್ಟ. ಖಾಲಿ ಪ್ಲಾಸ್ಟಿಕ್ ಬಾಟಲಿಗಳನ್ನು ಅಂಗಡಿಯ ಮಷೀನಿಗೆ ಹಾಕಿದರೆ ಹೆಚ್ಚಿನವಕ್ಕೆ ತಲಾ 25 ಸೆಂಟ್ ವಾಪಸ್ ಬರುತ್ತದೆ. ಆ ದುಡ್ಡು ಯಾರದು ಅನ್ನುವುದನ್ನೂ ಕೇಳಿಬಿಡಿ.

ಊಟದ ವಿಷಯ ನಮ್ಮಂಥವರಿಗೆ ಸ್ವಲ್ಪ ಸೂಕ್ಷ್ಮ. ರಾತ್ರಿ ಅವರು ಬ್ರೆಡ್ಡು, ಚೀಸ್ ತಿಂದು ಎದ್ದುಬಿಡುತ್ತಾರೆ, ನಮಗೆ ಅನ್ನ ಇಲ್ಲದೆ ಊಟ ಆದಂಗೆ ಅನ್ನಿಸುವುದಿಲ್ಲ. ಊಟ ಕೊಡುವುದು ಅವರ ಜವಾಬ್ದಾರಿ, ಹಾಗಾಗಿ ಅಕ್ಕಿ, ಬೇಳೆ, ಮೊಸರು, ತರಕಾರಿ ಮನೆಯ ಸಾಮಾನಿನ ಪಟ್ಟಿಗೆ ಸೇರಬೇಕು ಅಂತ ಧೈರ್ಯವಾಗಿ ಹೇಳಿ. ನೀವು ಸಸ್ಯಾಹಾರಿ ಆಗಿದ್ದರೆ ಇದನ್ನು ಒಪ್ಪಂದಕ್ಕೆ ಸಹಿ ಹಾಕುವ ಮೊದಲೇ, ವಿಡಿಯೋ ಕಾಲಿನಲ್ಲೇ ಹೇಳಿ. ಇಂಡಿಯನ್ ಅಂಗಡಿಯ ಉಪ್ಪಿನಕಾಯಿ, ಎಂಟಿಆರ್ ಪ್ಯಾಕೆಟ್ಟು, ಕರಿಬೇವು, ಇವು ನಿಮ್ಮ ಆಸೆಗೆ ತರುವಂಥವು, ನಿಮ್ಮ ದುಡ್ಡಲ್ಲೇ ಇರಲಿ. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ, ಹಾಗಾಗಿ ಪಟ್ಟಿಗೆ ಸೇರಿಸುವುದನ್ನು ಶುಕ್ರವಾರವೇ ಸೇರಿಸಿ.

ಓಡಾಟದ ಪಾಸು ಯಾರು ಕೊಡಿಸುತ್ತಾರೆ ಅನ್ನುವುದನ್ನು ಹೊರಡುವ ಮೊದಲೇ ಕೇಳಿ. ದೇಶದ ತುಂಬ ಬಸ್ಸು, ಲೋಕಲ್ ರೈಲಿಗೆ ನಡೆಯುವ ಡಾಯ್ಚ್‌ಲಾಂಡ್ ಟಿಕೆಟ್ಟಿಗೆ 2026ರ ಜನವರಿಯಿಂದ ತಿಂಗಳಿಗೆ 63 ಯೂರೋ. 280ರಲ್ಲಿ ಅದು ಹೋದರೆ ಏನು ಉಳಿಯುತ್ತದೆ, ನೋಡಿ. ಕಪ್ಪೋ ತಟ್ಟೆಯೋ ಒಡೆದರೆ ಮುಚ್ಚಿಡಬೇಡಿ. ದೊಡ್ಡದೇನಾದರೂ ಹಾಳಾದರೆ ನಿಮ್ಮ ಹೆಸರಿನ ವಿಮೆಯಲ್ಲಿ ಬರುತ್ತದಾ ಅಂತ ಪತ್ರ ತೆಗೆಸಿ ನೋಡಿ.

ಇದನ್ನೆಲ್ಲ ವಾಟ್ಸಾಪಿನಲ್ಲಿ ಬರೆಯಬೇಡಿ. ಮಕ್ಕಳು ಮಲಗಿದ ಮೇಲೆ ಅಡುಗೆಮನೆಯ ಮೇಜಿನ ಮುಂದೆ ಕೂತು ಮಾತಾಡಿ. ದುಡ್ಡಿನ ಮಾತು ಎತ್ತಿದರೆ ನಮ್ಮ ಕಡೆ ಏನೋ ಮುಜುಗರ. ನಾನು ಇದ್ದ ಮನೆಯಲ್ಲಿ ಹಾಗಾಗಲೇ ಇಲ್ಲ. ಎರಡನೇ ತಿಂಗಳು ನಾನು ತಡವರಿಸುತ್ತಾ ಹೇಳಿದಾಗ ಮಕ್ಕಳ ತಾಯಿ ಎದ್ದು ಹೋಗಿ ಪೆನ್ನು ತಂದರು. ಅವರದು, ನನ್ನದು ಅಂತ ಎರಡು ಸಾಲು ಮಾಡಿ ಬರೆದು ಫ್ರಿಜ್ಜಿಗೆ ಅಂಟಿಸಿದರು, 46 ಯೂರೋನೂ ಕೊಟ್ಟರು. ಬೇಸಿಗೆ ರಜೆಗೆ ಅವರ ಜೊತೆ ಹೊರಡುವ ಮುಂಚೆ ಅದೇ ಹಾಳೆಗೆ ಇನ್ನೊಂದು ಸಾಲು ಸೇರಿಸಿದೆವು: ಮಕ್ಕಳನ್ನು ನೋಡಿಕೊಳ್ಳಲು ಬಂದರೆ ಟಿಕೆಟ್ಟು, ರೂಮು, ಊಟ ಅವರದು. ನಾನೊಬ್ಬಳೇ ಸುತ್ತಲು ಹೋದ ದಿನ ನನ್ನದು.