ಆಫ್ ಆಗಲೊಲ್ಲದ ಹಳೆಯ ಕಂಪ್ಯೂಟರ್: ಮೊದಲು ಫ್ಯಾನಿನ ಸದ್ದು ಕೇಳಿ

ಬಳ್ಳಾರಿಯ ಕೌಲ್ ಬಜಾರಿನಲ್ಲಿ ನನ್ನ ಸೋದರಮಾವ ಜೀನ್ಸ್ ಹೊಲಿಸುವ ಸಣ್ಣ ಘಟಕ ನಡೆಸುತ್ತಾರೆ. ಬಿಲ್ಲು, ಕೂಲಿ, ಬಟ್ಟೆಯ ಲೆಕ್ಕವೆಲ್ಲ ಮನೆಯ ಹಳೆಯ ಡೆಸ್ಕ್‌ಟಾಪಿನಲ್ಲಿದೆ. ಹೋದ ಬೇಸಿಗೆಯಿಂದ ಅದಕ್ಕೊಂದು ಚಾಳಿ ಅಂಟಿತು. ರಾತ್ರಿ ಶಟ್ ಡೌನ್ ಒತ್ತಿದರೆ ಪರದೆ ಕಪ್ಪಾಗುತ್ತಿತ್ತು, ಸಿಪಿಯು ಡಬ್ಬಿಯೊಳಗಿನ ಫ್ಯಾನ್ ಮಾತ್ರ ತಿರುಗುತ್ತಲೇ ಇರುತ್ತಿತ್ತು. ಮಾವ ಗೋಡೆಯ ಸ್ವಿಚ್ ಆರಿಸಿ ಮಲಗಿಬಿಡುತ್ತಿದ್ದರು.

ಹಿಂದಿನ ಕಾಲದ ಕಂಪ್ಯೂಟರುಗಳಲ್ಲಿ ಹಾಗೆ ಆರಿಸುವುದೇ ಕ್ರಮವಾಗಿತ್ತು. ಇನ್ನು ಆರಿಸಬಹುದು ಎಂಬ ಸೂಚನೆ ಪರದೆಯ ಮೇಲೆ ಬಂದ ಮೇಲೆ ನಾವೇ ದಪ್ಪ ಸ್ವಿಚ್ ಒತ್ತುತ್ತಿದ್ದೆವು. 1995ರಲ್ಲಿ ಎಟಿಎಕ್ಸ್ ಎಂಬ ಹೊಸ ಮದರ್‌ಬೋರ್ಡ್ (ಯಂತ್ರದ ಮುಖ್ಯ ಹಲಗೆ) ಮಾದರಿ ಬಂದ ಮೇಲೆ ಆ ಕೆಲಸ ವಿಂಡೋಸಿನ ಪಾಲಾಯಿತು. ಅದು ಎಲ್ಲ ಪ್ರೋಗ್ರಾಂಗಳನ್ನು ಮುಚ್ಚಿ, ಬಿಡಿಭಾಗಗಳನ್ನು ನಡೆಸುವ ಡ್ರೈವರ್ ಎಂಬ ತಂತ್ರಾಂಶಗಳಿಗೆ ವಿದಾಯ ಹೇಳಿ, ಕೊನೆಗೆ ವಿದ್ಯುತ್ ಕೊಡುವ ಎಸ್‌ಎಂಪಿಎಸ್‌ಗೆ ‘ಇನ್ನು ಸಾಕು’ ಎಂಬ ಸಂಕೇತ ಕಳಿಸಬೇಕು. ಈ ಸರಪಳಿ ಎಲ್ಲಿ ತುಂಡಾಗುತ್ತಿದೆ ಎಂದು ಗೊತ್ತಾದರೆ ಅರ್ಧ ರಿಪೇರಿ ಮುಗಿದಂತೆ. ಆದ್ದರಿಂದ ಏನನ್ನೂ ಮುಟ್ಟುವ ಮೊದಲು ಒಂದು ರಾತ್ರಿ ಸುಮ್ಮನೆ ಕುಳಿತು ನೋಡಿ: ಪರದೆ ಬೆಳಗಿರುವಾಗಲೇ ನಿಲ್ಲುತ್ತದೆಯೋ, ಪರದೆ ಕಪ್ಪಾದ ಮೇಲೂ ಫ್ಯಾನ್ ತಿರುಗುತ್ತದೆಯೋ, ಅಥವಾ ಪೂರ್ತಿ ಆರಿ ಮತ್ತೆ ತಾನೇ ಹೊತ್ತಿಕೊಳ್ಳುತ್ತದೆಯೋ? ನೋಡುವ ಮುನ್ನ ಲೆಕ್ಕದ ಕಡತಗಳನ್ನು ಪೆನ್ ಡ್ರೈವಿಗೆ ಇಳಿಸಿಕೊಳ್ಳಿ. ಇದನ್ನು ನಾಳೆಗೆ ಬಿಡಬೇಡಿ.

ಪರದೆಯ ಮೇಲೆ ‘ಶಟ್ಟಿಂಗ್ ಡೌನ್’ ಎಂದು ಚುಕ್ಕಿಗಳು ಸುತ್ತುತ್ತಲೇ ಇದ್ದರೆ ಡಬ್ಬಿಯ ಮುಂಭಾಗದ ಸಣ್ಣ ಹಾರ್ಡ್ ಡಿಸ್ಕ್ ದೀಪ ನೋಡಿ. ಅದು ಮಿನುಗುತ್ತಿದ್ದರೆ ಒಳಗೆ ಕೆಲಸ ನಡೆದಿದೆ ಎಂದರ್ಥ. ಅಪ್‌ಡೇಟ್ ಆಗುತ್ತಿದ್ದರೆ ಅರ್ಧ ಗಂಟೆಯಾದರೂ ಕಾಯಬೇಕು. ದೀಪವೂ ಸತ್ತು, ಚುಕ್ಕಿಗಳೂ ನಿಂತಿದ್ದರೆ ಮಾತ್ರ ಪವರ್ ಗುಂಡಿಯನ್ನು ಆರುವ ತನಕ, ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಮರುದಿನ ಪ್ರಿಂಟರ್, ಪೆನ್ ಡ್ರೈವ್, ಡಾಂಗಲ್ ಎಲ್ಲವನ್ನೂ ಕಿತ್ತು ಶಟ್ ಡೌನ್ ಮಾಡಿ ನೋಡಿ. ಸರಾಗವಾಗಿ ಆರಿದರೆ ಒಂದೊಂದನ್ನೇ ಮರಳಿ ಚುಚ್ಚುತ್ತಾ ಹೋಗಿ, ಕಳ್ಳ ಸಿಗುತ್ತಾನೆ. ನನ್ನ ಅನುಭವದಲ್ಲಿ ಹೆಚ್ಚಿನ ಸಲ ಅದು ಪ್ರಿಂಟರೇ, ಯಾವಾಗಲೋ ಕೊಟ್ಟು ಮರೆತ ಪುಟ ಸರದಿಯಲ್ಲಿ ಸಿಕ್ಕಿಬಿದ್ದಿರುತ್ತದೆ. ಎಲ್ಲವನ್ನೂ ಕಿತ್ತರೂ ಆರದಿದ್ದರೆ ವಿಂಡೋಸಿನ ಜೊತೆ ಏನೇನು ಶುರುವಾಗಬೇಕೆಂದು ತೀರ್ಮಾನಿಸುವ ಎಂಎಸ್‌ಕಾನ್ಫಿಗ್ ತೆರೆದು, ಸರ್ವಿಸಸ್ ಪುಟದಲ್ಲಿ ಮೊದಲು ಮೈಕ್ರೋಸಾಫ್ಟಿನ ಸೇವೆಗಳನ್ನು ಮರೆಮಾಡಿ, ಉಳಿದವುಗಳ ಗುರುತು ತೆಗೆದು ಪರೀಕ್ಷಿಸಿ. ಮರೆಮಾಡುವ ಹೆಜ್ಜೆ ತಪ್ಪಿದರೆ ಹೊಸ ತಲೆನೋವು ಶುರುವಾಗುತ್ತದೆ.

ಮಾವನದು ಎರಡನೆಯ ಬಗೆ: ಪರದೆ ಕಪ್ಪು, ಫ್ಯಾನ್ ಜೀವಂತ. ವಿಂಡೋಸ್ 7 ಇದ್ದ ಯಂತ್ರಕ್ಕೆ ಯಾರೋ ವಿಂಡೋಸ್ 10 ಹಾಕಿಕೊಟ್ಟಿದ್ದರು. 2012ರಲ್ಲಿ ವಿಂಡೋಸ್ 8ರೊಂದಿಗೆ ಫಾಸ್ಟ್ ಸ್ಟಾರ್ಟಪ್ ಎಂಬ ಸೌಲಭ್ಯ ಬಂತು. ಬೆಳಿಗ್ಗೆ ಬೇಗ ಏಳಲೆಂದು ಅದು ರಾತ್ರಿ ಪೂರ್ತಿ ಮಲಗುವುದಿಲ್ಲ. ವಿಂಡೋಸಿನ ತಿರುಳನ್ನು ಹಾರ್ಡ್ ಡಿಸ್ಕಿನಲ್ಲಿ ಬರೆದಿಟ್ಟು ಕಣ್ಣು ಮುಚ್ಚುತ್ತದೆ. ಹಳೆಯ ಮದರ್‌ಬೋರ್ಡಿನ ಹಳೆಯ ಡ್ರೈವರುಗಳಿಗೆ ಈ ಅರೆನಿದ್ರೆ ಒಗ್ಗದಿದ್ದರೆ ನಡುವೆಯೇ ಸಿಕ್ಕಿಕೊಳ್ಳುತ್ತವೆ. ಪರೀಕ್ಷೆ ಸುಲಭ: ಶಿಫ್ಟ್ ಕೀಲಿ ಹಿಡಿದುಕೊಂಡೇ ಶಟ್ ಡೌನ್ ಕ್ಲಿಕ್ ಮಾಡಿ. ಆಗ ವಿಂಡೋಸ್ ಪೂರ್ತಿ ಮುಚ್ಚಿಕೊಳ್ಳುತ್ತದೆ. ಮಾವನ ಯಂತ್ರ ಫಕ್ಕನೆ ಆರಿತು. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ಗೆ ಹೋಗಿ, ಪವರ್ ಗುಂಡಿಗಳು ಏನು ಮಾಡಬೇಕೆಂದು ನಿಗದಿಪಡಿಸುವ ಪುಟ ತೆರೆದು, ‘ಸದ್ಯ ಲಭ್ಯವಿಲ್ಲದ ಆಯ್ಕೆಗಳನ್ನು ಬದಲಿಸಿ’ ಎಂಬರ್ಥದ ಸಾಲನ್ನು ಒತ್ತಿ, ಫಾಸ್ಟ್ ಸ್ಟಾರ್ಟಪ್ ಗುರುತು ತೆಗೆದು ಉಳಿಸಿದೆ. ಇದರಿಂದ ಬೆಳಿಗ್ಗೆ ಕೆಲವು ಸೆಕೆಂಡ್ ತಡವಾಗುತ್ತದೆ, ಅಷ್ಟೇ.

ಚಹಾ ಕುಡಿದು ಬಂದೆ. ಮರುದಿನ ಬೆಳಿಗ್ಗೆಯೇ ಮಾವನ ಫೋನು: “ನಿನ್ನ ರಿಪೇರಿ ಒಂದೇ ರಾತ್ರಿಗೆ ಮುಗಿಯಿತಲ್ಲೋ. ನಾನು ಏಳುವಷ್ಟರಲ್ಲಿ ಅದು ಎದ್ದು ಕುಳಿತಿದೆ!”

ಇದು ಮೂರನೆಯ ಬಗೆ. ಸಾಮಾನ್ಯವಾಗಿ ಮೌಸ್ ಅಥವಾ ನೆಟ್‌ವರ್ಕ್ ಕಾರ್ಡ್ ಯಂತ್ರವನ್ನು ಎಬ್ಬಿಸುತ್ತದೆ. ಡಿವೈಸ್ ಮ್ಯಾನೇಜರಿನಲ್ಲಿ ಅವುಗಳ ಪವರ್ ಮ್ಯಾನೇಜ್‌ಮೆಂಟ್ ಪುಟದಲ್ಲಿರುವ ಎಬ್ಬಿಸುವ ಅನುಮತಿ ತೆಗೆದರೆ ಸರಿಹೋಗುತ್ತದೆ. ತೆಗೆದೆ, ಸರಿಹೋಗಲಿಲ್ಲ. ಆಮೇಲೆ ಅತ್ತೆ ಹೇಳಿದರು, ನಸುಕಿನಲ್ಲಿ ಕರೆಂಟ್ ಹೋಗಿ ಬಂದಿತ್ತು ಎಂದು.

ಕರೆಂಟ್ ಮರಳಿದಾಗ ಯಂತ್ರ ಏನು ಮಾಡಬೇಕೆಂಬುದು ಬಯೋಸ್‌ನಲ್ಲಿ, ಅಂದರೆ ವಿಂಡೋಸಿಗೂ ಮೊದಲು ಏಳುವ ಬೋರ್ಡಿನ ಮೂಲ ತಂತ್ರಾಂಶದಲ್ಲಿ, ಬರೆದಿರುತ್ತದೆ. ಯಂತ್ರ ಹೊತ್ತಿದ ಕೂಡಲೇ ಡಿಲೀಟ್ ಅಥವಾ ಎಫ್2 ಒತ್ತಿ ಒಳಹೊಕ್ಕರೆ ‘ಎಸಿ ಪವರ್ ಲಾಸ್’ ಎಂಬ ಮಾತಿರುವ ಸಾಲು ಸಿಗುತ್ತದೆ. ಮಾವನಲ್ಲಿ ಅದು ‘ಪವರ್ ಆನ್’ ಎಂದಿತ್ತು. ‘ಪವರ್ ಆಫ್’ ಮಾಡಿ ಉಳಿಸಿದೆ. ಮೂಲೆಯಲ್ಲಿದ್ದ ದಿನಾಂಕ ಕಣ್ಣಿಗೆ ಬಿದ್ದದ್ದು ಆಗ: ಹತ್ತಾರು ವರ್ಷ ಹಿಂದಿನದು. ಬಿಲ್ಲುಗಳ ಮೇಲೆ ತಾರೀಖು ತಪ್ಪುತ್ತಿತ್ತು ಎಂದು ಮಾವ ಗೊಣಗಿದ್ದಕ್ಕೂ ಅರ್ಥ ಸಿಕ್ಕಿತು. ತಾರೀಖನ್ನೂ ಬಯೋಸ್ ನೆನಪನ್ನೂ ಕಾಯುವ, ಬೋರ್ಡಿನ ಮೇಲಿನ ನಾಣ್ಯದಂಥ ಸೆಲ್ ಸತ್ತಿತ್ತು. ಗೋಡೆಯ ಸ್ವಿಚ್ ಹಾಕಿರುವಷ್ಟು ಹೊತ್ತು ಯಂತ್ರ ಆರಿದ್ದರೂ ಎಸ್‌ಎಂಪಿಎಸ್ 5 ವೋಲ್ಟಿನ ಸಣ್ಣ ಹರಿವು ಕೊಡುತ್ತಿರುತ್ತದೆ, ಸೆಲ್ಲಿನ ಭಾರ ಹಗುರವಾಗಿರುತ್ತದೆ. ರಾತ್ರಿಯಿಡೀ ಸ್ವಿಚ್ ಆರಿಸಿದರೆ ಬಯೋಸ್ ನೆನಪಿನ ಹೊರೆಯೆಲ್ಲ ಸೆಲ್ಲಿನ ಮೇಲೆ ಬಿದ್ದು ಅದು ಬೇಗ ಸವೆಯುತ್ತದೆ. ಸತ್ತ ಮೇಲೆ ಸ್ವಿಚ್ ಆರಿಸಿದಾಗೆಲ್ಲ ನಾನು ಬದಲಿಸಿದ ಸಾಲೂ ಅಳಿಸಿಹೋಗುತ್ತದೆ.

ಪ್ಲಗ್ ಕಿತ್ತು, ಉಳಿದ ವಿದ್ಯುತ್ ಇಳಿಯಲೆಂದು ಪವರ್ ಗುಂಡಿಯನ್ನು ಕೆಲವು ಸೆಕೆಂಡ್ ಒತ್ತಿ, ಡಬ್ಬಿಯ ಪಕ್ಕದ ತಗಡು ತೆಗೆದೆವು. ಒಳಗೆ ಬಳ್ಳಾರಿಯ ಕೆಂಪು ಧೂಳು, ಅದರ ಮೇಲೆ ಜೀನ್ಸಿನ ನೀಲಿ ಜುಂಗು ಬತ್ತಿಯಂತೆ ಫ್ಯಾನಿಗೆ ಸುತ್ತಿಕೊಂಡಿತ್ತು. ಒಣ ಬಣ್ಣದ ಬ್ರಷ್ಷಿನಿಂದ, ಫ್ಯಾನಿನ ರೆಕ್ಕೆ ತಿರುಗದಂತೆ ಬೆರಳಿನಿಂದ ಹಿಡಿದು, ಅತ್ತೆಯೇ ಸ್ವಚ್ಛ ಮಾಡಿದರು. ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಬಿಚ್ಚಬೇಡಿ, ಪ್ಲಗ್ ಕಿತ್ತ ಮೇಲೂ ಅದರೊಳಗೆ ಶಾಕ್ ಹೊಡೆಯುವಷ್ಟು ವಿದ್ಯುತ್ ಉಳಿದಿರುತ್ತದೆ. ಸೆಲ್ಲಿನ ಹೆಸರು ಸಿಆರ್2032, 3 ವೋಲ್ಟ್, ವಾಚ್ ರಿಪೇರಿ ಅಂಗಡಿಯಲ್ಲೂ ಸಿಗುತ್ತದೆ. ಪಕ್ಕದ ಸಣ್ಣ ಕೊಂಡಿಯನ್ನು ಉಗುರಿನಿಂದ ಸರಿಸಿದರೆ ಹಳೆಯದು ಪುಟಿದು ಬರುತ್ತದೆ. ಹೊಸದನ್ನು ಅಕ್ಷರಗಳು ಮೇಲೆ ಕಾಣುವಂತೆ ಕೂರಿಸಿ, ಬಯೋಸ್‌ನಲ್ಲಿ ತಾರೀಖನ್ನೂ ‘ಪವರ್ ಆಫ್’ ಸಾಲನ್ನೂ ಇನ್ನೊಮ್ಮೆ ಸರಿಪಡಿಸಿ ಉಳಿಸಿ.