18 ಇಂಚಿನಿಂದ 15ಕ್ಕೆ ಇಳಿದೆ, ಮುಕ್ಕಾಲು ಸೆಕೆಂಡ್ ಉಳಿಯಿತು

"ಎಲ್ಲರೂ ದೊಡ್ಡ ವೀಲ್ ಹಾಕಿಸ್ತಾರೆ, ನೀನು ಚಿಕ್ಕದು ಹಾಕಿಸ್ತೀಯಾ?" ಅಂತ ನಕ್ಕವರೇ ಈಗ ಡ್ರ್ಯಾಗ್ ರೇಸ್‌ನ ಟೈಮ್ ಸ್ಲಿಪ್ (ಓಟ ಮುಗಿದ ಮೇಲೆ ಕೊಡುವ ಸಮಯದ ಚೀಟಿ) ಫೋಟೊ ಕಳಿಸು ಅಂತಿದ್ದಾರೆ. ಒಬ್ಬೊಬ್ಬರಿಗೂ ಹೇಳುವ ಬದಲು ಇಲ್ಲೇ ಬರೆದುಬಿಡುತ್ತೇನೆ. ಅಂಕಿಗಳೆಲ್ಲ ನೆನಪಿನಿಂದ, ಅಲ್ಪಸ್ವಲ್ಪ ಹೆಚ್ಚುಕಡಿಮೆ ಇರಬಹುದು.

ನನ್ನದು ರಿಯರ್ ವೀಲ್ ಡ್ರೈವ್, ಟರ್ಬೊ ಪೆಟ್ರೋಲ್, ಮ್ಯಾನುವಲ್ ಗೇರ್. ನಾನು ಕೂತರೆ 1450 ಕೆಜಿ ಆಸುಪಾಸು, ಪವರ್ ಸುಮಾರು 300 ಎಚ್‌ಪಿ. ಕ್ವಾರ್ಟರ್ ಮೈಲ್, ಅಂದರೆ ಸುಮಾರು 400 ಮೀಟರ್ ನೇರ ಓಟ, 13.6 ಸೆಕೆಂಡಿಗೆ ಬಂದು ನಿಂತುಬಿಟ್ಟಿತ್ತು. ಆದರೆ ಕೊನೆಯ ಗೆರೆ ದಾಟುವಾಗ ವೇಗ 170 ಕಿಮೀ ತೋರಿಸುತ್ತಿತ್ತು. ಆ ವೇಗ ಇರುವ ಗಾಡಿ 13ರ ಒಳಗೆ ಬರಬೇಕು, ಅಲ್ವಾ? ಅಂದರೆ ಎಂಜಿನ್ ತನ್ನ ಕೆಲಸ ಸರಿಯಾಗೇ ಮಾಡುತ್ತಿತ್ತು. ಟೈಮ್ ಸೋರುತ್ತಿದ್ದದ್ದು ಶುರುವಿನಲ್ಲಿ. ಮೊದಲ 60 ಅಡಿಗೆ 2.25 ಸೆಕೆಂಡ್, ನಾಚಿಕೆ ಆಗುವಂಥ ನಂಬರ್. ಅಲ್ಲಿ 0.1 ಕಳೆದುಕೊಂಡರೆ ಕೊನೆಯಲ್ಲಿ ಅದು 0.15 ಆಗಿರುತ್ತದೆ, ಕೆಲವೊಮ್ಮೆ ಇನ್ನೂ ಜಾಸ್ತಿ.

ಮೊದಲ ತಪ್ಪು, ದುಡ್ಡಿನ ಲೆಕ್ಕದಲ್ಲಿ ಅತಿ ದೊಡ್ಡ ತಪ್ಪು, ಫೋರ್ಜ್ಡ್ ವೀಲ್ (ಲೋಹವನ್ನು ಭಾರಿ ಒತ್ತಡದಲ್ಲಿ ಒತ್ತಿ ಮಾಡಿದ ಹಗುರ ಚಕ್ರ). ಅದೇ 18 ಇಂಚು, ಒಂದೊಂದೂ ಹಳೆಯದಕ್ಕಿಂತ 3 ಕೆಜಿ ಹಗುರ. ಚಕ್ರದಲ್ಲಿ ಒಂದು ಕೆಜಿ ಕಳೆದರೆ ಗಾಡಿಯಲ್ಲಿ ಹತ್ತು ಕೆಜಿ ಕಳೆದ ಹಾಗೆ ಅನ್ನುತ್ತಾರಲ್ಲ, ನಾನೂ ನಂಬಿದ್ದೆ. ಆಮೇಲೆ ಕೂತು ಲೆಕ್ಕ ಹಾಕಿದೆ. ಟೈರಿನ ಹೊರ ಅಂಚಿನಲ್ಲೇ ಕಳೆದರೂ ಒಂದು ಕೆಜಿಗೆ ಎರಡು ಕೆಜಿ ಲಾಭ, ಅದಕ್ಕಿಂತ ಮುಂದೆ ಹೋಗಲ್ಲ. ರಿಮ್ ಇನ್ನೂ ಒಳಗಿರುತ್ತದೆ, ಅಲ್ಲಿ ಒಂದೂವರೆ ಸಿಕ್ಕರೆ ಪುಣ್ಯ. ನನ್ನ 12 ಕೆಜಿಗೆ ಸಿಕ್ಕಿದ್ದು ಐದಾರು ನೂರನೇ ಭಾಗ ಸೆಕೆಂಡ್. ಕ್ಲಚ್ ಬಿಡುವುದರಲ್ಲಿ ಸ್ವಲ್ಪ ಎಡವಟ್ಟಾದರೂ ಅಷ್ಟು ಕರಗಿಹೋಗುತ್ತದೆ. ಜುಟ್ಟಿಗೆ ಮಲ್ಲಿಗೆ ಅಂತಾರಲ್ಲ, ಹಾಗಾಯಿತು ನನ್ನ ಕಥೆ. ಟರ್ಬೊ ಕಿಟ್‌ಗೆ ಹಾಕಿದ ದುಡ್ಡಿನ ಅರ್ಧ ಅಲ್ಲೇ ಹೋಯಿತು.

ಎರಡನೇ ತಪ್ಪು ಅಗಲ. 225/40 ತೆಗೆದು 255/35 ಹಾಕಿದೆ (ಮೊದಲ ಅಂಕಿ ಟೈರಿನ ಅಗಲ, ಮಿಮೀನಲ್ಲಿ; ಎರಡನೆಯದು ಸೈಡ್‌ವಾಲ್, ಅಂದರೆ ಟೈರಿನ ಪಕ್ಕದ ಭಾಗದ ಎತ್ತರ, ಅಗಲದ ಎಷ್ಟು ಪರ್ಸೆಂಟ್ ಅಂತ). ರಬ್ಬರ್ ಕಾಂಪೌಂಡ್ ಗಟ್ಟಿ, ಸೈಡ್‌ವಾಲ್ ಗೋಡೆ ಇದ್ದ ಹಾಗೆ. ಲಾಂಚ್ ಮಾಡಿದರೆ, ಅಂದರೆ ನಿಂತಲ್ಲಿಂದ ಜೋರಾಗಿ ಎಬ್ಬಿಸಿದರೆ, ಟೈರ್ ಬಗ್ಗುವುದೇ ಇಲ್ಲ, ಹಿಂದಿನ ಸಸ್ಪೆನ್ಶನ್ ದಡದಡ ಅಂತ ಕುಣಿಯುತ್ತದೆ. 60 ಅಡಿ 2.18. ಇಷ್ಟಕ್ಕಾ ಅನ್ನಿಸಿತು.

ಆಗ ತಲೆಗೆ ಹೊಳೆದದ್ದು ಸೈಡ್‌ವಾಲ್ ಎತ್ತರ. 15 ಇಂಚಿನ ವೀಲ್ ಹುಡುಕಿದೆ. ಮೊದಲು ತಂದ ಜೋಡಿ ಹಿಂದಿನ ಬ್ರೇಕ್ ಕ್ಯಾಲಿಪರ್‌ಗೇ ತಗುಲಿತು, ವಾಪಸ್ ತಗೊಳ್ಳಲ್ಲ ಅಂದರು, ಅದೂ ದಂಡ. ಎರಡನೇ ಸಲ ರಟ್ಟಿನಲ್ಲಿ ಕ್ಯಾಲಿಪರ್ ಅಳತೆಗೆ ಕತ್ತರಿಸಿ, ಅದನ್ನು ಕಿಸೆಯಲ್ಲಿಟ್ಟುಕೊಂಡು ಹೋಗಿ, ರಿಮ್ ಒಳಗೆ ತೂರಿಸಿ ನೋಡಿಯೇ ದುಡ್ಡು ಕೊಟ್ಟೆ.

ಮೊದಲು 205/50 ಹಾಕಿದೆ. 586 ಮಿಮೀ ಎತ್ತರ, ಹಳೆಯ 225/40-18 ಇದ್ದದ್ದು 637. ಎಂಟು ಪರ್ಸೆಂಟ್ ಚಿಕ್ಕದಾದರೆ ಫೈನಲ್ ಡ್ರೈವ್ (ಚಕ್ರಕ್ಕಿಂತ ಮುಂಚಿನ ಕೊನೆಯ ಗೇರ್ ಜೋಡಿ) ಬದಲಿಸಿದ ಹಾಗೇ ಅಲ್ವಾ, ಗಾಡಿ ಬಾಣದ ಹಾಗೆ ಎದ್ದಿತು. ಖುಷಿ ಕೊನೆಯವರೆಗೆ ಉಳಿಯಲಿಲ್ಲ. ನಾಲ್ಕನೇ ಗೇರ್ 165 ಕಿಮೀ ವೇಗಕ್ಕೇ ರೆಡ್‌ಲೈನ್, ಅಂದರೆ ಎಂಜಿನ್ನಿನ ಮಿತಿ 7000 ಆರ್‌ಪಿಎಮ್ ಮುಟ್ಟಿತು, ಗೆರೆ ಕಣ್ಣೆದುರೇ ಇದೆ, ಐದಕ್ಕೆ ಹಾಕಲೇಬೇಕಾಯಿತು. 60 ಅಡಿ 2.05 ಬಂದರೂ ಒಟ್ಟು 13.4. ಆಮೇಲೆ 225/50 ನೋಡಿದೆ. 606 ಮಿಮೀ. ಲೆಕ್ಕ ಹಾಕಿದರೆ ನಾಲ್ಕರಲ್ಲೇ 171, ಅಂದರೆ ಗೆರೆ ದಾಟುವಾಗ ಸರಿಯಾಗಿ ರೆಡ್‌ಲೈನ್. ಆ ಸೈಜಿನಲ್ಲಿ ಹಿಂದಕ್ಕೆ ಡ್ರ್ಯಾಗ್ ರೇಡಿಯಲ್ (ಡ್ರ್ಯಾಗ್ ರೇಸ್‌ಗೆಂದೇ ಮಾಡಿದ ಮೆತ್ತನೆ ರಬ್ಬರಿನ ಟೈರ್) ತರಿಸಿದೆ. ಇಡೀ ಕಥೆ ತಿರುಗಿದ್ದು ಇಲ್ಲಿ.

ಹಾಕಿದ ತಕ್ಷಣ ಎಲ್ಲ ಸರಿಹೋಯಿತು ಅಂದುಕೊಳ್ಳಬೇಡಿ. ಗಾಳಿ ಹಿಡಿಯಲಿಕ್ಕೇ ಎರಡು ದಿನ ಹೋಯಿತು. 26 ಪಿಎಸ್‌ಐಗೆ 60 ಅಡಿ 2.02, 22ಕ್ಕೆ 1.92, 18ಕ್ಕೆ 1.82. ಆಸೆ ಬಿಡಲಿಲ್ಲ, 15ಕ್ಕೆ ಇಳಿಸಿದೆ. 60 ಅಡಿಯಲ್ಲಿ ಏನೂ ಸಿಗಲಿಲ್ಲ, ಮೇಲಾಗಿ ಮೂರನೇ ಗೇರ್ ದಾಟಿದ ಮೇಲೆ ಹಿಂಬದಿ ಸೊಂಟ ಕುಣಿಸತೊಡಗಿತು, ಕೊನೆಯ ವೇಗವೂ ಒಂದೆರಡು ಕಿಮೀ ಬಿತ್ತು. 17ಕ್ಕೆ ನಿಲ್ಲಿಸಿದೆ. ಗೇಜ್ ಒಂದನ್ನೇ ನಂಬಬೇಡಿ, ಲಾಂಚ್ ಆದ ಮೇಲೆ ನೆಲದ ಮೇಲಿನ ಕಪ್ಪು ಗುರುತು ನೋಡಿ. ನಡುವೆ ಮಾತ್ರ ಕಪ್ಪಾಗಿದ್ದರೆ ಗಾಳಿ ಜಾಸ್ತಿ, ಎರಡು ಅಂಚು ಕಪ್ಪಾಗಿ ನಡುವೆ ತೆಳುವಾಗಿದ್ದರೆ ಕಡಿಮೆ. ಮುಂದಿನ ಟೈರ್‌ಗೆ ನಾನು 38 ಹಾಕುತ್ತೇನೆ, ಸುಮ್ನೆ ಉರುಳಿಕೊಂಡು ಹೋಗಲಿ ಅಂತ.

ಇದರ ನಡುವೆ ಗಾಡಿಯಲ್ಲಿ ನಡುಕ ಶುರುವಾಯಿತು. ಬ್ಯಾಲೆನ್ಸ್ ಮಾಡಿಸಿದೆ, ಎರಡು ರನ್‌ಗೆ ಮತ್ತೆ ಅದೇ. ಅನುಮಾನ ಬಂದು ಹಿಂದಿನ ಟೈರ್ ಮೇಲಿಂದ ರಿಮ್‌ವರೆಗೆ ಚಾಕ್‌ನಲ್ಲಿ ಒಂದು ಗೆರೆ ಎಳೆದೆ. ಒಂದೇ ರನ್ ಮುಗಿಸಿ ಬಂದು ನೋಡಿದರೆ ರಿಮ್ ಮೇಲಿನ ಗೆರೆ ಒಂದು ಕಡೆ, ಟೈರ್ ಮೇಲಿನದು ನಾಲ್ಕು ಬೆರಳು ಆಚೆ! ಟೈರ್ ರಿಮ್ ಮೇಲೇ ಜಾರಿ ತಿರುಗುತ್ತಿತ್ತು. ಫಿಟ್ ಮಾಡುವಾಗ ಸೋಪು ನೀರು ಧಾರಾಳವಾಗಿ ಬಳಿದಿದ್ದರು. ಬಿಚ್ಚಿಸಿ, ಬೀಡ್ (ರಿಮ್ ಹಿಡಿದುಕೊಳ್ಳುವ ಟೈರಿನ ಒಳ ಅಂಚು) ಕೂರುವ ಜಾಗ ಒರೆಸಿ, ಸೋಪು ಲೆಕ್ಕಕ್ಕಷ್ಟೇ ಸವರಿಸಿದೆ. ಈಗ ಒಂದು ಬೆರಳಿಗಿಂತ ಜಾಸ್ತಿ ಸರಿಯುವುದಿಲ್ಲ.

ಇನ್ನೊಂದು ಖರ್ಚು ಯಾರೂ ಮೊದಲೇ ಹೇಳುವುದಿಲ್ಲ. ಜಾರುವ ಟೈರ್ ಫ್ಯೂಸ್ ಇದ್ದ ಹಾಗೆ, ಏಟೆಲ್ಲ ಅದೇ ತಿನ್ನುತ್ತದೆ. ಟೈರ್ ಕಚ್ಚಿಕೊಂಡರೆ ಏಟು ಅದನ್ನು ತಿರುಗಿಸುವ ಶಾಫ್ಟ್, ಗೇರ್‌ಗಳಿಗೆ ಹೋಗುತ್ತದೆ. ನಾಲ್ಕನೇ ದಿನ ಠಣ್ ಅಂತ ಶಬ್ದ, ಎಡಗಡೆ ಚಕ್ರ ತಿರುಗಿಸುವ ಹಾಫ್ ಶಾಫ್ಟ್ ಎರಡು ತುಂಡು. ಟೈರ್ ಜೋಡಿಗಿಂತ ಅದರ ಬಿಲ್ಲೇ ದೊಡ್ಡದು. ಆಮೇಲೆ ಕ್ಲಚ್ ಬಿಡುವ ರೀತಿ ಬದಲಿಸಿದೆ. ಎಷ್ಟು ಆರ್‌ಪಿಎಮ್, ಹೇಗೆ ಅಂತ ಹೇಳಲ್ಲ, ಎರಡು ಶಾಫ್ಟ್ ಕೊಟ್ಟು ಕಲಿತದ್ದು. ಬರ್ನ್‌ಔಟ್ (ಓಟಕ್ಕೆ ಮುಂಚೆ ಟೈರ್ ನಿಂತಲ್ಲೇ ತಿರುಗಿಸಿ ಬಿಸಿ ಮಾಡುವುದು) ಮಾತ್ರ ಹೇಳುತ್ತೇನೆ: ನೀರಿನ ಜಾಗ ದಾಟಿ, ಹೊಗೆ ತೆಳ್ಳಗೆ ಎದ್ದ ತಕ್ಷಣ ನಿಲ್ಲಿಸಿ. ಜಾಸ್ತಿ ಹೊಗೆ ಫೋಟೊಗೆ ಚೆಂದ, ಅಷ್ಟೇ.

ಒಂದು ಹುಚ್ಚು ಪ್ರಯೋಗವನ್ನೂ ಮಾಡಿದೆ. ಮುಂದಿನ ಟೈರ್ ಸ್ಟೇಜ್ ಬೀಮ್ (ಶುರುವಿನ ಗೆರೆಯಲ್ಲಿರುವ ಬೆಳಕಿನ ಕಿರಣ) ಬಿಟ್ಟ ಮೇಲೆ ತಾನೇ ಗಡಿಯಾರ ಶುರು? ಟೈರ್ ಎತ್ತರ ಇದ್ದಷ್ಟೂ ಪುಕ್ಕಟೆ ಓಟ ಸಿಗುತ್ತದೆ ಅಂತ ಮುಂದೆ 18, ಹಿಂದೆ 15 ಹಾಕಿ ಓಡಿಸಿದೆ. ಒಂದು ನೂರನೇ ಭಾಗ ಸಿಕ್ಕಿತೋ ಇಲ್ಲವೋ, ಮೂಗೆತ್ತಿ ನಿಂತ ಗಾಡಿ ನೋಡಿ ಎಲ್ಲರೂ ನಕ್ಕರು. ಅದಕ್ಕಿಂತ ಟೈರ್ ಆ ಬೀಮ್ ಮುಟ್ಟಿತು ಅಂತ ತೋರಿಸುವ ಎರಡನೇ ದೀಪ ಹತ್ತಿದ ಕ್ಷಣವೇ ನಿಲ್ಲಿಸಿ, ಒಂದಿಂಚೂ ಮುಂದೆ ಹೋಗದಿದ್ದರೆ ಲಾಭ ಜಾಸ್ತಿ.

ಕೊನೆಗೆ 60 ಅಡಿ 1.79, ಒಟ್ಟು 12.86. ಕೊನೆಯ ವೇಗ? ಅದೇ 170. ಎಂಜಿನ್‌ನ ಒಂದು ಬೋಲ್ಟನ್ನೂ ಮುಟ್ಟಿಲ್ಲ. ಬೂಸ್ಟ್ ಏರಿಸಿದ್ದೀಯಾ ಅಂತ ಈಗಲೂ ಕೇಳುವವರಿದ್ದಾರೆ, ಅವರಿಗೆ ಎರಡೂ ಸ್ಲಿಪ್ ಪಕ್ಕಪಕ್ಕ ಇಟ್ಟು ತೋರಿಸುತ್ತೇನೆ.

ಫೋರ್ಜ್ಡ್ ವೀಲ್ ಮಾರಲು ನೋಡಿದೆ, ಅರ್ಧ ಬೆಲೆಗೂ ಕೇಳುವವರಿಲ್ಲ. ಡ್ರ್ಯಾಗ್ ರೇಡಿಯಲ್‌ನಲ್ಲಿ ಗ್ರೂವ್ ಇರುವುದು ಹೆಸರಿಗೆ ಮಾತ್ರ, ಮಳೆ ನೀರಿನ ಮೇಲೆ ಹೋದರೆ ತೇಲಿಬಿಡುತ್ತದೆ. ಹಾಗಾಗಿ ಟ್ರ್ಯಾಕ್‌ಗೆ ಹೋಗಿಬರುವಾಗ ಆ ದುಬಾರಿ ಚಕ್ರದ ಮೇಲೇ ಹೋಗುತ್ತೇನೆ, 15 ಇಂಚಿನವು ಹಿಂದಿನ ಸೀಟಿನಲ್ಲಿ ಕೂತು ಬರುತ್ತವೆ.