ಪರದೆಯ ಬಾರ್ ನಂಬರ್, ಹಾಳೆಯ ಬಾರ್ ನಂಬರ್: ಎರಡನ್ನೂ ನಾನು ಕೂಡಿಸಿದ್ದು ಹೀಗೆ

ಭಾವಗೀತೆಗಳಿಗೆ ಸ್ಟ್ರಿಂಗ್ಸ್ ಬರೆಯುವುದು ನನ್ನ ಕೆಲಸ. ಹಾಡು, ತಬಲಾ, ಕೀಬೋರ್ಡ್ ಎಲ್ಲ ಬೆಂಗಳೂರಲ್ಲೇ ಮುಗಿಯುತ್ತದೆ. ವಯೊಲಿನ್ ಗುಂಪು ಮಾತ್ರ ಚೆನ್ನೈನಲ್ಲಿ. ಹನ್ನೆರಡು ಜನ ಸ್ಟಾಫ್ ನೋಟೇಶನ್ (ಪಾಶ್ಚಾತ್ಯ ಸ್ವರಲಿಪಿ) ಹಾಳೆ ನೋಡಿ ನುಡಿಸುತ್ತಾರೆ. ಅದರಲ್ಲಿ ಪ್ರತಿ ಬಾರ್‌ಗೂ, ಅಂದರೆ ತಾಳದ ಒಂದೊಂದು ತುಂಡಿಗೂ, ಒಂದು ನಂಬರ್. "ಮೂವತ್ತೇಳನೇ ಬಾರ್‌ನಿಂದ ಇನ್ನೊಂದು ಟೇಕ್" ಅಂತ ಅವರು ಕೇಳಿದರೆ ನಾನು ರೆಕಾರ್ಡಿಂಗ್‌ಗೆ ಬಳಸುವ ರೀಪರ್ ಸಾಫ್ಟ್‌ವೇರ್‌ನಲ್ಲಿ ಕರ್ಸರ್ ಮೂವತ್ತೇಳಕ್ಕೇ ಹೋಗಿ ನಿಲ್ಲಬೇಕು. ನನಗೆ ಬೇಕಿದ್ದದ್ದು ಇಷ್ಟೇ.

"ಇದಕ್ಕೆಲ್ಲ ಯಾಕೆ ತಲೆ ಕೆಡಿಸ್ಕೋತೀರಾ ಸರ್, ಕಿವಿಯಲ್ಲೇ ಹುಡುಕಿದ್ರಾಯ್ತು" ಅಂದವರೇ ಜಾಸ್ತಿ. ಹುಡುಕಬಹುದು, ಆದರೆ ಪ್ರತಿ ಪಂಚ್‌ಗೂ (ಒಂದು ತುಂಡನ್ನಷ್ಟೇ ಮತ್ತೆ ರೆಕಾರ್ಡ್ ಮಾಡುವುದು) ಅರ್ಧ ನಿಮಿಷ ಹೋಗುತ್ತದೆ. ಒಂದು ಹಾಡಿಗೆ ಮೂವತ್ತು ನಲವತ್ತು ಪಂಚ್ ಇರುತ್ತವೆ. ಅಷ್ಟೂ ಹೊತ್ತು ಹನ್ನೆರಡು ಜನ ಬಿಲ್ಲು ಹಿಡಿದು ಕೂತಿರುತ್ತಾರೆ. ಕಾಲ್ ಟೈಮ್ (ಅವರನ್ನು ಕರೆಸಿದ ಅವಧಿ) ದಾಟಿದರೆ ಎಲ್ಲರಿಗೂ ಎಕ್ಸ್‌ಟ್ರಾ ಪೇಮೆಂಟ್, ಜೊತೆಗೆ ಸ್ಟುಡಿಯೋ ಬಾಡಿಗೆ. ಹಾಡೊಂದಕ್ಕೆ ಹತ್ತು ಹನ್ನೆರಡು ಸಾವಿರ ಸುಮ್ನೆ ಹೋಗುತ್ತಿತ್ತು.

ರೀಪರ್‌ನಲ್ಲಿ ಹಾಡಿಗೆ ಮೊದಲು ಎರಡು ಬಾರ್ ಕೌಂಟ್ (ಶುರು ಮಾಡಲು ಎಣಿಕೆ) ಇರುತ್ತದೆ, ಹಾಳೆಯಲ್ಲಿ ಇರುವುದಿಲ್ಲ. ಅದಕ್ಕೇ ಮೊದಲು "ಹಾಳೆಯ ನಂಬರ್‌ಗೆ ಎರಡು ಕೂಡಿಸು" ಅಂತ ಚೀಟಿ ಅಂಟಿಸಿ ನೋಡಿದೆ. ಮೊದಲ ರಿಪೀಟ್ ಬರುವ ತನಕ ಮಾತ್ರ ಅದು ನಡೆಯಿತು. ಆಮೇಲೆ ಎಂಟೆಂಟು ಬಾರ್‌ಗೆ ಮಾರ್ಕರ್ ಹಾಕಿ ಹೆಸರು ಬರೆದೆ. ನಿರ್ಮಾಪಕರು ಮಧ್ಯದ ಬಿಜಿಎಂನಲ್ಲಿ ನಾಲ್ಕು ಬಾರ್ ಕಡಿಮೆ ಮಾಡಿಸಿದ ದಿನ ಅದೂ ಹಾಳಾಯಿತು. ಹೋಗಲಿ ಅಂತ ಶುರುವಿನ ಕೌಂಟನ್ನೇ ಕತ್ತರಿಸಿ ಹಾಕಿದರೆ ನುಡಿಸುವವರಿಗೆ ಎಲ್ಲಿ ಶುರು ಮಾಡಬೇಕೋ ಗೊತ್ತಾಗುವುದಿಲ್ಲ.

ಕೊನೆಗೆ ಕೆಲಸ ಮಾಡಿದ್ದು ಇದು. ರೀಪರ್‌ನ ಪ್ರಾಜೆಕ್ಟ್ ಸೆಟ್ಟಿಂಗ್ಸ್‌ನಲ್ಲಿ ಪ್ರಾಜೆಕ್ಟ್ ಸ್ಟಾರ್ಟ್ ಮೆಷರ್ ಇದೆ (ಮೆಷರ್ ಅಂದರೂ ಬಾರೇ). ಹಾಳೆಯ ಮೊದಲ ಪೂರ್ತಿ ಬಾರ್ ಮೇಲೆ 1 ಬರುವ ತನಕ ಅದನ್ನು ಮೈನಸ್ ಕಡೆಗೆ ಇಳಿಸಿ. ಎತ್ತುಗಡೆ (ಹಾಡು ಶುರುವಾಗುವ ಜಾಗ) ಸಮಕ್ಕಿಂತ, ಅಂದರೆ ಬಾರಿನ ಮೊದಲ ಪೆಟ್ಟಿಗಿಂತ, ಮೊದಲೇ ಇದ್ದರೆ ಆ ಅರೆ ಬಾರ್‌ಗೆ ಅಂತ ಬೇರೆ ಟೈಮ್ ಸಿಗ್ನೇಚರ್ (ಒಂದು ಬಾರ್‌ಗೆ ಎಷ್ಟು ಪೆಟ್ಟು ಅನ್ನುವ ಗುರುತು) ಹಾಕಲು ಹೋಗಬೇಡಿ. ಪೂರ್ತಿ 4/4 ಬಾರ್ ಇಟ್ಟು, ಎತ್ತುಗಡೆ ಅದರ ಕೊನೆಯ ಪೆಟ್ಟಿಗೆ ಬೀಳುವಂತೆ ಮಾಡಿ. ಹಾಳೆ ಬರೆಯುವ ಸಾಫ್ಟ್‌ವೇರ್ ಮ್ಯೂಸ್‌ಸ್ಕೋರ್‌ನಲ್ಲಿ ಆ ಅರೆ ಬಾರ್ ಲೆಕ್ಕಕ್ಕೆ ಸೇರದಂತೆ ಮೆಷರ್ ಪ್ರಾಪರ್ಟೀಸ್‌ನಲ್ಲಿ ಟಿಕ್ ಹಾಕಬಹುದು.

ನಿಜವಾದ ಕಷ್ಟ ರಿಪೀಟ್‌ನದು. ಚರಣ 21ರಿಂದ 36 ಅಂತಿಟ್ಟುಕೊಳ್ಳಿ. ಎರಡನೇ ಚರಣಕ್ಕೆ ಹಾಳೆ ಮತ್ತೆ 21ಕ್ಕೆ ಹೋಗುತ್ತದೆ, ರೀಪರ್ 37ಕ್ಕೆ ಹೋಗುತ್ತದೆ. ಅಲ್ಲಿಂದ ಮುಂದೆ ಹದಿನಾರು ಬಾರ್ ವ್ಯತ್ಯಾಸ. ಸಾಫ್ಟ್‌ವೇರ್‌ನಲ್ಲಿ ಇದಕ್ಕೆ ಮದ್ದು ಹುಡುಕಿ ತಿಂಗಳುಗಟ್ಟಲೆ ಕಳೆದೆ. ಮದ್ದು ಇದ್ದದ್ದು ಹಾಳೆಯಲ್ಲಿ. ರಿಪೀಟ್ ಚಿಹ್ನೆ, ಡಿ.ಎಸ್., ಕೋಡಾ (ಹಿಂದಕ್ಕೆ, ಮುಂದಕ್ಕೆ ಹಾರಿಸುವ ಗುರುತುಗಳು) ಎಲ್ಲ ತೆಗೆದು ಪೂರ್ತಿ ಬಿಡಿಸಿ ಬರೆದೆ. ಮೂರು ಪುಟ ಐದಾಯಿತು. ಪುಟ ತಿರುವುವ ಜಾಗದಲ್ಲಿ ರೆಸ್ಟ್ (ನುಡಿಸದೆ ಬಿಡುವ ಜಾಗ) ಬರುವ ಹಾಗೆ ಜೋಡಿಸಿದ್ದಕ್ಕೆ ಲೀಡ್ ವಯೊಲಿನ್ ಅವರೂ ಒಪ್ಪಿದರು. ಆ ಜೋಡಣೆಗೆ ನನ್ನದೇ ಒಂದು ಲೆಕ್ಕ ಇದೆ, ಅದು ನನ್ನಲ್ಲೇ ಇರಲಿ.

ನಡುವೆ ತಾಳವಿಲ್ಲದ ಆಲಾಪ ಬಂದರೆ? ಮೊದಲು ರೀಪರ್‌ನಲ್ಲಿ ಎಲ್ಲ ಟ್ರ್ಯಾಕ್‌ಗಳ ಟೈಮ್‌ಬೇಸ್ (ಆಡಿಯೋ ಬಾರ್‌ಗೆ ಅಂಟಿರಬೇಕೋ ಸಮಯಕ್ಕೋ ಅನ್ನುವ ಸೆಟ್ಟಿಂಗ್) ಅನ್ನು ಟೈಮ್‌ಗೆ ಬದಲಿಸಿ, ಇಲ್ಲದಿದ್ದರೆ ಆಡಿಯೋ ಜಾಗ ಬಿಟ್ಟು ಓಡುತ್ತದೆ. ಆಮೇಲೆ ಆಲಾಪವಷ್ಟನ್ನೂ ಸೆಲೆಕ್ಟ್ ಮಾಡಿ ಅದನ್ನೇ ಒಂದು ಮೆಷರ್ ಮಾಡಿ. 4/4ರಲ್ಲಿ ಇಪ್ಪತ್ತು ಸೆಕೆಂಡಿನ ಆಲಾಪ 12 ಬಿಪಿಎಂನ (ನಿಮಿಷಕ್ಕೆ 12 ಪೆಟ್ಟು) ಒಂದೇ ಬಾರ್ ಆಗುತ್ತದೆ. ಅಲ್ಲಿ ಕ್ಲಿಕ್ (ಪೆಟ್ಟು ತೋರಿಸುವ ಟಿಕ್ ಟಿಕ್ ಸದ್ದು) ಮ್ಯೂಟ್ ಮಾಡಿ. ಹಾಳೆಯಲ್ಲೂ ಫರ್ಮಾಟಾ (ಎಣಿಸದೆ ತಡೆದು ನಿಲ್ಲಿ ಅನ್ನುವ ಗುರುತು) ಹಾಕಿದ ಒಂದೇ ಬಾರ್. ಆಲಾಪ ಮುಗಿದ ಕೂಡಲೇ ಹಳೆಯ ಟೆಂಪೋ ಮತ್ತೆ ಬರುವಂತೆ ಮಾರ್ಕರ್ ಇದೆಯಾ ನೋಡಿಕೊಳ್ಳಿ. ಇದು ಕೂಡಿಬಂದಾಗ ನನಗಾದ ಖುಷಿ ಅಷ್ಟಿಷ್ಟಲ್ಲ. ಈ ಕೆಲಸವನ್ನು ಇಷ್ಟು ಅಚ್ಚುಕಟ್ಟಾಗಿ ಮಾಡುವವರನ್ನು ನಾನಂತೂ ಇನ್ನೂ ನೋಡಿಲ್ಲ.

ಕಳೆದ ಹಾಡಿಗೆ ಸ್ಟ್ರಿಂಗ್ಸ್ ಮುಗಿದದ್ದು ಮೂರು ಗಂಟೆಯೊಳಗೆ. ಮೊದಲು ಇಂಥದ್ದಕ್ಕೆ ನಾಲ್ಕೂವರೆ ಗಂಟೆ ಹಿಡಿಯುತ್ತಿತ್ತು. ಕಿವಿ ಸಾಕು ಅಂದಿದ್ದ ಎಂಜಿನಿಯರ್ ಈಗ ನನ್ನ ಟೆಂಪ್ಲೇಟ್ ಕೇಳಿ ತಗೊಂಡಿದ್ದಾರೆ.

ಈಗ ಇನ್ನೊಂದು ಪ್ರಯೋಗ ನಡೆಯುತ್ತಿದೆ. ಮೃದಂಗದವರು ಬಾರ್ ಎಣಿಸುವುದಿಲ್ಲ, ಆವರ್ತನ (ತಾಳದ ಒಂದು ಪೂರ್ತಿ ಸುತ್ತು) ಎಣಿಸುತ್ತಾರೆ. ಆದಿತಾಳವನ್ನು 4/4 ಬದಲು 8/4 ಮಾಡಿದರೆ ಒಂದು ಆವರ್ತನಕ್ಕೆ ಒಂದೇ ನಂಬರ್. ಮಿಶ್ರಛಾಪು 7/8ರಲ್ಲಿ ಕೂರುತ್ತದೆ, ಕ್ಲಿಕ್ಕನ್ನು ಮೂರು ನಾಲ್ಕಾಗಿ ಒಡೆಯಬೇಕು. ಮೃದಂಗಕ್ಕೆ ಇದು ಚೆನ್ನಾಗಿಯೇ ನಡೆಯಿತು. ಆದರೆ ಎಂಟು ಪೆಟ್ಟಿನ ಬಾರ್ ವಯೊಲಿನ್‌ನವರಿಗೆ ಓದಲು ಕಷ್ಟ. ಸದ್ಯಕ್ಕೆ ಅವರಿಗೆ 4/4 ಹಾಳೆಯನ್ನೇ ಕೊಟ್ಟು, ಆವರ್ತನದ ನಂಬರನ್ನು ರೀಪರ್‌ನ ರೀಜನ್ (ಗುರುತು ಹಾಕಿದ ಭಾಗ) ಹೆಸರಾಗಿ ಬರೆದು ಇಬ್ಬರಿಗೂ ತೋರಿಸುತ್ತಿದ್ದೇನೆ.